ಬೋರಲಿಟ್ಟ ಬಾಗಿಲು

ಆ ಕಾರ್ಡು ಇವತ್ತೂ ಕೈಗೆ ಬಂದರೆ ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ತೀರ್ಮಾನಿಸಿಕೊಂಡೇ ಅವಳು ಬಂದಿದ್ದಳು.

ಲಿಫ್ಟ್ ಮೆಕ್ಯಾನಿಕ್ ಆಗಲೇ ಕೂತಿದ್ದ. ಕಾರ್ಡಿನ ಆಟಕ್ಕೆ ಮೇಜು ಕೊಡುವ ಆ ಅಂಗಡಿಯಲ್ಲಿ ಶನಿವಾರ ಸಂಜೆ ಹಿಂದಿನ ಮೇಜು ಅವರಿಬ್ಬರದು. ಮೊದಲು ಅದು ಅವನದು ಮತ್ತು ಅವಳ ಗಂಡನದು. ಗಂಡ ತೀರಿಕೊಂಡ ಮೇಲೆ ಕಾರ್ಡಿನ ಕಟ್ಟು ಅವಳ ಪಾಲಿಗೆ ಉಳಿಯಿತು, ಕಟ್ಟಿನ ಜೊತೆಗೆ ಈ ಗೆಳೆಯನೂ. ಆಗೆಲ್ಲ ಬಾಯಿ ತುಂಬ 'ಅತ್ತಿಗೆ' ಅನ್ನುತ್ತಿದ್ದವನು ಈಗ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಹಳೆಯ ಮಾತು ಬಿಟ್ಟಿದ್ದ, ಹೊಸದು ಅವನಿಗೆ ಸಿಕ್ಕಿರಲಿಲ್ಲ.

"ಲೇಟು," ಅಂದ, ಬೆರಳಿನ ಗ್ರೀಸನ್ನು ಕರ್ಚೀಫಿಗೆ ಒರೆಸುತ್ತ.

"ಲಿಫ್ಟ್ ಕೆಟ್ಟಿತ್ತು."

"ಎಲ್ಲಿ? ಬಾಗಿಲು ಹಾಕ್ಕೊಳ್ತಿಲ್ವಾ, ಅಥವಾ ಮಧ್ಯೆ ನಿಲ್ತಿದ್ಯಾ?" ಅವನು ಅರ್ಧ ಎದ್ದೇಬಿಟ್ಟ. ಆಮೇಲೆ ಅವಳ ತುಟಿಯ ಅಂಚು ಕಂಡಿತು. "ಈ ಬಿಲ್ಡಿಂಗಿಗೆ ಲಿಫ್ಟೇ ಇಲ್ಲ."

"ಇಷ್ಟು ಹೊತ್ತು ಬೇಕಾಯ್ತಾ ನಿಮಗೆ?"

ಅವನ ಕಿವಿ ಕೆಂಪಾಯಿತು. ಆ ಕಿವಿಗಳನ್ನು ಅವಳು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು, ಕೂದಲೆಳೆಯಷ್ಟು ಗೀರನ್ನೂ ಬಿಡುವ ಕಣ್ಣಲ್ಲ. ಅವನು ಏನು ಹೇಳಬೇಕೆಂದಿದ್ದಾನೆ ಎಂಬುದು ಅವಳಿಗೆ ಯಾವತ್ತೋ ಗೊತ್ತಿತ್ತು.

ಆದರೆ ಮೂರನೆಯ ಕುರ್ಚಿ ಇತ್ತಲ್ಲ. ಗಂಡ ಕೂರುತ್ತಿದ್ದ ಆ ಕುರ್ಚಿಯನ್ನು ಇಬ್ಬರೂ ಎಳೆದುಕೊಳ್ಳುತ್ತಿರಲಿಲ್ಲ. ಒಮ್ಮೊಮ್ಮೆ ಅದರ ಕಡೆಯಿಂದ ಅವಳ ಮೊಣಕೈಗೆ ತಣ್ಣಗೆ ಗಾಳಿ ಸೋಕುತ್ತಿತ್ತು. ಆ ಕಡೆ ಕಿಟಕಿಯೇ ಇರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಆ ಕಾರ್ಡು ಇತ್ತು. 'ಮುಚ್ಚಿದ ಬಾಗಿಲು', ಗಂಡನ ಮೆಚ್ಚಿನ ಟ್ರ್ಯಾಪ್ ಕಾರ್ಡು. ಅದನ್ನು ಮೇಜಿನ ಮೇಲೆ ಬೋರಲು ಹಾಕಿ ಕಾಯಬೇಕು. ಎದುರಿನವನಿಗೆ ಬೆನ್ನು ಮಾತ್ರ ಕಾಣುತ್ತದೆ. ಅವನು ಅಟ್ಯಾಕ್ ಮಾಡಿದಾಗ ಮಗುಚಿದರೆ ದಾಳಿಗೆ ಬಂದ ಅವನ ವೀರನ ಕಾರ್ಡು ಮರಳಿ ಅವನ ಕೈಸೇರುತ್ತದೆ. ಮಗುಚುವುದೂ ಬಿಡುವುದೂ ಇಟ್ಟವರ ಇಷ್ಟ. ಗಂಡ ಯಾವಾಗಲೂ ಅದನ್ನು ಎಡತುದಿಯಲ್ಲೇ ಇಡುತ್ತಿದ್ದ, ಮಗುಚುವಾಗ "ಬಂದ ದಾರಿಗೆ ಸುಂಕ ಇಲ್ಲ, ಹೋಗ್ಬಾಪ್ಪ" ಎಂದು ನಗುತ್ತಿದ್ದ. ಸೋತರೆ ಮಾತ್ರ ಮಾತಿಲ್ಲ. ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟುತ್ತಿದ್ದ. ಚೆನ್ನಾಗಿ ಆಡಿದೆ, ಒಪ್ಪಿದೆ ಎಂದು ಅದರ ಅರ್ಥ.

ಈಗ ಅವಳು ಎಷ್ಟೇ ಕಲೆಸಲಿ, ಪ್ರತಿ ಶನಿವಾರ ಮೊದಲ ಕೈಯಲ್ಲೇ ಆ ಬಾಗಿಲು ಬಂದು ಕೂರುತ್ತಿತ್ತು. ಅವನು ಮುಂದೆ ಬರುತ್ತಿದ್ದ, ಬಾಗಿಲು ಮುಚ್ಚುತ್ತಿತ್ತು, ಅವನು ಸೋತು ಎದ್ದು ಹೋಗುತ್ತಿದ್ದ. ದೆವ್ವ ಅಂದರೆ ಬೆಚ್ಚಿಬೀಳಬೇಕು. ಅವಳಿಗೆ ಈ ದೆವ್ವ ಬೇಕಾಗಿತ್ತು, ತೊಂದರೆ ಅದೇ. ಹೋಗಿಲ್ಲ, ಇಲ್ಲೇ ಇದ್ದಾರೆ, ಬೇಡ ಅನ್ನುತ್ತಿದ್ದಾರೆ ಎಂದುಕೊಂಡು ರಾತ್ರಿ ಅಳುತ್ತಿದ್ದಳು. ಆ ಅಳುವಿನಲ್ಲಿ ಸಮಾಧಾನ ಎಷ್ಟು, ಸಂಕಟ ಎಷ್ಟು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಹೊರಡುವಾಗ ಅತ್ತೆ ಅಂದಿದ್ದರು, "ಅವನಿಗೂ ಒಂದ್ಸಲ ಗೆಲ್ಲೋಕೆ ಬಿಡೇ, ಪಾಪ. ನನ್ನ ಮಗನೂ ಹಂಗೇ ಇದ್ದ, ಯಾರಿಗೂ ಬಿಟ್ಟುಕೊಡ್ತಿರಲಿಲ್ಲ."

ಅವಳು ಕಟ್ಟನ್ನು ಕಲೆಸಿ ಅವನ ಮುಂದಿಟ್ಟಳು. ಕಲೆಸಿದ್ದನ್ನು ಎದುರಿನವರು ಕಟ್ ಮಾಡಿಕೊಡಬೇಕು, ಅದು ಆಟದ ರೂಢಿ. ಅವನ ಹೆಬ್ಬೆರಳು ಕಟ್ಟಿನ ಅಂಚಿನ ಮೇಲೆ ಮೇಲಿನಿಂದ ಕೆಳಗೆ ಸರಿಯಿತು. ನಿಂತಿತು. ಮತ್ತೆ ಕೆಳಗಿನಿಂದ ಮೇಲಕ್ಕೆ ಬಂತು.

"ಕಾರ್ಡುಗಳ ಪ್ಲಾಸ್ಟಿಕ್ ಕವರ್ ಬದಲಾಯಿಸಿದ್ರಾ?" ಅಂದ.

"ಹಳೇವು ಮಬ್ಬಾಗಿದ್ವು. ನಿನ್ನೆ ಎಲ್ಲಕ್ಕೂ ಹೊಸದು ಹಾಕ್ದೆ." ಗಂಡನಿಗೆ ಕೇಳುವ ಕೊನೆಯ ಪ್ರಶ್ನೆಯನ್ನು ಕೊಳಕು ಕವರಿನಲ್ಲಿ ಕೇಳಬಾರದು ಎಂದು ಅವಳಿಗೆ ಅನಿಸಿತ್ತು, ಅದನ್ನು ಹೇಳಲಿಲ್ಲ.

ಹೆಬ್ಬೆರಳು ಇನ್ನೂ ಹುಡುಕುತ್ತಿತ್ತು. ಅವಳು ಆ ಬೆರಳನ್ನೇ ನೋಡಿದಳು. ಆಗ ಬಾಗಿಲಿನ ಕಾರ್ಡಿನ ಹಳೆಯ ಕವರು ನೆನಪಾಯಿತು. ಕಾಯುತ್ತ ಕೂತಾಗ ಗಂಡ ಉಗುರೊತ್ತಿ ಒತ್ತಿ ಅದರ ಅಂಚಿನಲ್ಲೊಂದು ಕಚ್ಚು ಮಾಡಿದ್ದ. ಅಲ್ಲಿಗೇ ಕಟ್ ಮಾಡಿದರೆ ಆ ಕಾರ್ಡು ಮೇಲೆ ಬರುತ್ತದೆ.

"ಏನು ಹುಡುಕ್ತಿದೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಕೈಯನ್ನು ಹಿಂದಕ್ಕೆಳೆದುಕೊಂಡ. "ಏನಿಲ್ಲ, ಅತ್ತಿಗೆ."

"ಇಷ್ಟು ದಿನ ಅದನ್ನ ನನ್ನ ಕೈಗೆ ಹಾಕ್ತಿದ್ದಿದ್ದು ನೀವಾ?"

ಅವನು ಮೂರನೆಯ ಕುರ್ಚಿಯ ಕಡೆ ನೋಡಿದ, ಸಾಕ್ಷಿಗೆ ಕರೆದವನಂತೆ. "ಮೊದಲನೇ ಸಲ ನೀವು ಗೆಲ್ಲಲಿ ಅಂತ ಮಾಡ್ದೆ. ಅದು ಬಂದಾಗ ನಿಮ್ಮ ಮುಖ ನೋಡ್ದೆ. ಅವನೇ ಬಂದ ಹಾಗೆ ಇತ್ತು. ಆಮೇಲೆ ನನಗೇ ಅದು ಬೇಕಾಯ್ತು."

"ಯಾಕೆ?"

"ಮಧ್ಯೆ ಅವನಿದ್ರೆ ನಾನು ಬಾಯಿ ಬಿಡಲ್ಲ. ಅವನ ಮನೇಲಿ ಉಂಡವನು ನಾನು. ಅವನಿಲ್ಲ ಅಂತ ನಿಮ್ಮನ್ನ ಹೇಗೆ ಕೇಳ್ಲಿ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ ಎದೆ ಬರಿದಾಯಿತು. ಇಷ್ಟು ದಿನ ಗಂಡ ಬೇಡ ಅಂದಿರಲಿಲ್ಲ. ಏನನ್ನೂ ಅಂದಿರಲಿಲ್ಲ. ನಿಜವಾಗಿ ಹೋಗಿಬಿಟ್ಟಿದ್ದ. ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಗ್ರೀಸಾದ ಕರ್ಚೀಫನ್ನು ಕೊಡಲೂ ಆಗದೆ ಜೇಬಿಗಿಡಲೂ ಆಗದೆ ಹಿಡಿದು ಕೂತಿದ್ದ.

ಕೊನೆಗೆ ಅವಳೇ ಮುಖ ಒರೆಸಿಕೊಂಡಳು. "ಕಣ್ಣು ಮುಚ್ಚಿ ಕಟ್ ಮಾಡಿ."

ಅವನು ಮಾಡಿದ. ಮೊದಲ ಕೈಯಲ್ಲಿ ಬಾಗಿಲು ಬರಲಿಲ್ಲ. ಆಟ ನಡೆಯಿತು. ಅವಳು ಇದೇ ಮೊದಲು ಅವನ ಕಾರ್ಡುಗಳನ್ನು ಸರಿಯಾಗಿ ನೋಡಿದಳು. ಧೈರ್ಯವಾಗಿ ಆಡುವವನು, ಇಷ್ಟು ದಿನ ಅದನ್ನು ಬಚ್ಚಿಟ್ಟುಕೊಂಡಿದ್ದ. ಆಟದಲ್ಲಿ ಅವಳ ಪ್ರಾಣ ಒಂದೇ ಪೆಟ್ಟಿನಷ್ಟು ಉಳಿದಾಗ ಅವಳು ಇನ್ನೊಂದು ಕಾರ್ಡು ಎತ್ತಿಕೊಂಡಳು.

ಮುಚ್ಚಿದ ಬಾಗಿಲು. ಯಾರೂ ಕಳಿಸದೆ, ತಾನಾಗಿಯೇ ಬಂದಿತ್ತು.

ಮೊಣಕೈಗೆ ತಣ್ಣನೆಯ ಗಾಳಿ ಸೋಕಿತು. ಅವಳು ಅದನ್ನು ಎಡತುದಿಯಲ್ಲಿ ಬೋರಲು ಇಟ್ಟಳು. ಆ ಜಾಗ ನೋಡಿಯೇ ಅವನ ಮುಖ ಬಿಳಿಚಿಕೊಂಡಿತು.

"ಅಟ್ಯಾಕ್ ಮಾಡಿ," ಅಂದಳು.

"ಅದು ಅದೇನಾ?"

"ಕೇಳಿ ಅಟ್ಯಾಕ್ ಮಾಡೋರನ್ನ ಇವತ್ತೇ ನೋಡಿದ್ದು."

ಅವನು ತನ್ನ ವೀರನನ್ನು ನಿಧಾನವಾಗಿ ಮುಂದಕ್ಕೆ ತಳ್ಳಿದ. ಅವಳ ಕೈ ಬೋರಲು ಕಾರ್ಡಿನ ಮೇಲೆ ಹೋಯಿತು, ಅಲ್ಲೇ ನಿಂತಿತು, ಮಗುಚದೆ ವಾಪಸು ಬಂತು.

"ಸೋತೆ," ಅಂದಳು.

ಅವನು ನಂಬಲಾರದೆ ಕಾರ್ಡನ್ನು ಎತ್ತಿ ನೋಡಿದ. ಬಾಗಿಲು. "ಇತ್ತಲ್ಲ, ಯಾಕೆ ಮುಚ್ಚಲಿಲ್ಲ, ಅತ್ತಿಗೆ?"

"ಹಾಗೆ ಕರೀಬೇಡಿ."

"ಮತ್ತೆ ಏನಂತ ಕರೀಲಿ?"

"ಮುಂದಿನ ಶನಿವಾರದೊಳಗೆ ಯೋಚನೆ ಮಾಡ್ಕೊಂಡು ಬನ್ನಿ."

ಅವನು ನಕ್ಕ, ಕಣ್ಣು ತುಂಬಿಕೊಂಡೇ ನಕ್ಕ. ಅವಳೂ ನಕ್ಕಳು. ಅಷ್ಟರಲ್ಲಿ ಮೇಜಿನ ಮೇಲೆ ಗೆಣ್ಣಿನ ಸದ್ದು ಎರಡು ಸಲ ಕೇಳಿತು.

ಇಬ್ಬರೂ ಕೆಳಗೆ ನೋಡಿದರು. ತಟ್ಟಿದ್ದು ಅವಳದೇ ಕೈ. ಆದರೆ ತಟ್ಟಬೇಕೆಂದು ಅವಳು ಅಂದುಕೊಂಡಿರಲಿಲ್ಲ.