ಅವಳ ಚಕ್ರಕ್ಕೆ ಹಿತ್ತಾಳೆ ರಿವೆಟ್

"ಅವಳದಕ್ಕೆ ಹಿತ್ತಾಳೆ ರಿವೆಟ್. ನನ್ನದಕ್ಕೆ ಮಾತ್ರ ದಾರ. ಯಾಕೆ?"

ಟೀಚರ್ ಎರಡು ರಟ್ಟಿನ ಚಕ್ರಗಳನ್ನು ಪುಸ್ತಕ ಕಟ್ಟುವ ಬೈಂಡರ್‌ನ ಮೇಜಿನ ಮೇಲೆ ಕುಕ್ಕಿದಳು. ಗೋಂದಿನ ಬ್ರಷ್ ಅವನ ಕೈಯಲ್ಲೇ ನಿಂತಿತು. ಮೂಲೆಯಲ್ಲಿ ಹಾಳೆ ಮಡಚುತ್ತಿದ್ದ ಅವನ ಅಕ್ಕ, ಕೆಲಸ ನಿಲ್ಲಿಸದೆ ಕಿವಿ ಮಾತ್ರ ಇತ್ತ ಕೊಟ್ಟಳು.

ಮಕ್ಕಳಿಗೆ ವ್ಯಾಕರಣ ಕಲಿಸಲು ಟೀಚರ್ ಮನೆಯಲ್ಲೇ ಮಾಡಿದ ಚಕ್ರಗಳವು. ದೊಡ್ಡ ವೃತ್ತದ ಅಂಚಿನಲ್ಲಿ ಕ್ರಿಯಾಪದಗಳು. ಮೇಲಿನ ಚಿಕ್ಕ ವೃತ್ತದಲ್ಲಿ ನಾನು, ನೀನು, ಅವಳು. ತಿರುಗಿಸಿದರೆ ವಾಕ್ಯ ಕೂಡಿಬರುತ್ತಿತ್ತು. ಬರೆಯುವುದು, ಬಣ್ಣ ಹಚ್ಚುವುದು ಅವಳ ಪಾಲು. ರಟ್ಟು ಕತ್ತರಿಸಿ ನಡುವೆ ಜೋಡಿಸುವುದು ಅವನ ಪಾಲು.

ಒಂದು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಯಾವುದಾದರೊಂದರ ದಾರ ಕಿತ್ತುಹೋಗುತ್ತಿತ್ತು. ಅವಳು ಬರುತ್ತಿದ್ದಳು. ದಾರ ಕಟ್ಟಲು ಐದು ನಿಮಿಷ ಸಾಕಾಗುತ್ತಿತ್ತು, ಮಾತಿಗೆ ಒಂದು ಗಂಟೆಯೂ ಸಾಲುತ್ತಿರಲಿಲ್ಲ...

ಇವತ್ತು ಹೆಡ್‌ಮಾಸ್ಟರ್ ಎದುರಿಗೇ ಚಕ್ರ ಕಳಚಿ ಬಿತ್ತು. ಮಕ್ಕಳು ಗೊಳ್ಳೆಂದು ನಕ್ಕರು. ಪಕ್ಕದ ತರಗತಿಯ ಹೊಸ ಟೀಚರ್ ತನ್ನದನ್ನು ತಂದುಕೊಟ್ಟಳು.

"ನಿಮ್ಮದನ್ನ ನೋಡೇ ಮಾಡಿದ್ದು. ಬೈಂಡರ್ ಎಷ್ಟು ಗಟ್ಟಿಯಾಗಿ ಜೋಡಿಸಿಕೊಟ್ಟಿದ್ದಾರೆ ನೋಡಿ!"

ನಡುವೆ ದಾರದ ಬದಲು ಮಿರಮಿರ ಮಿಂಚುವ ಹಿತ್ತಾಳೆಯ ರಿವೆಟ್ ಮೊಳೆ! 'ಬಂದು ಮೂರು ವಾರ ಆಗಿಲ್ಲ... ಆಗಲೇ ಇವಳಿಗೆ ಹಿತ್ತಾಳೆ!' ಶಾಲೆ ಬಿಟ್ಟದ್ದೇ ತಡ, ನೇರ ಇಲ್ಲಿಗೇ ಬಂದಿದ್ದಳು.

"ಹೇಳಿ. ಅವಳ ನಗು ಚೆನ್ನಾಗಿದೆ, ಅದಕ್ಕಾ?"

"ಯಾರ ನಗು?"

"ಅಯ್ಯೋ, ಏನೂ ಅರಿಯದ ಕಂದ!"

ಅಕ್ಕ ಕಿಸಕ್ಕನೆ ನಕ್ಕಳು. "ಲೋ, ಬಾಯಿಗೂ ಗೋಂದು ಹಚ್ಕೊಂಡ್ಯಾ? ಡಬ್ಬಿ ತುಂಬಾ ರಿವೆಟ್ ಇಟ್ಕೊಂಡು ವರ್ಷದಿಂದ ಟೀಚರಮ್ಮಂಗೆ ದಾರ ಕಟ್ತಿದೀಯಲ್ಲ, ಯಾಕೆ ಅಂತ ಹೇಳೋ!"

"ಮೊದಲಿಂದಲೂ ಇತ್ತಾ?" ಟೀಚರ್ ದನಿ ಇಳಿಯಿತು. 'ನನಗೆ ದಾರವೇ ಸಾಕು ಅನ್ನಿಸಿತಾ ಇವನಿಗೆ...' ತನ್ನ ಚಕ್ರವನ್ನು ಚೀಲಕ್ಕೆ ತುರುಕಿದಳು. "ಇನ್ಮೇಲೆ ಬೇರೆ ಕಡೆ ಮಾಡಿಸ್ತೀನಿ."

ಅವಳು ಬಾಗಿಲು ದಾಟುವಷ್ಟರಲ್ಲಿ ಅವನು ಎದ್ದೇಬಿಟ್ಟ.

"ರಿವೆಟ್ ಹಾಕಿದ್ರೆ ಕಿತ್ತೋಗಲ್ಲ, ಟೀಚರ್! ಕಿತ್ತೋಗದಿದ್ರೆ... ನೀವು ಬರಲ್ಲ."

ಅವಳು ನಿಂತಳು. ಎದೆಯೊಳಗೆ ಏನೋ ಕರಗಿತು. ಮರುಕ್ಷಣವೇ ಮತ್ತೆ ಸಿಟ್ಟು ಉಕ್ಕಿತು.

"ಅಂದ್ರೆ ಬೇಕಂತಲೇ? ನಿಮ್ಮ ಆಸೆಗೆ ನಾನು ಮಕ್ಕಳ ಮುಂದೆ ನಗೆಪಾಟಲಾಗ್ಬೇಕಾ? ಅವರ ಪಾಠ ಅರ್ಧಕ್ಕೆ ನಿಲ್ಬೇಕಾ?"

ಅವನ ತಲೆ ತಗ್ಗಿತು. "ತಪ್ಪಾಯ್ತು. ನಿಜವಾಗ್ಲೂ ತಪ್ಪಾಯ್ತು. ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ."

"ಮತ್ತೆ ಅವಳಿಗೆ?"

"ಅವರು ಮತ್ತೆ ಮತ್ತೆ ಬರೋದು ಬೇಡ ಅಂತಲೇ ರಿವೆಟ್ ಹಾಕಿದ್ದು!"

ಅಕ್ಕ ಮೆಲ್ಲಗೆ ಎದ್ದಳು. "ಗೋಂದು ಮುಗಿದಿದೆ, ತರ್ತೀನಿ," ಎಂದು ಗೋಂದು ಭರ್ತಿ ಇದ್ದ ಬಕೆಟ್ಟನ್ನು ದಾಟಿಕೊಂಡೇ ಹೊರಗೆ ಹೋದಳು.

ಟೀಚರ್ ಮರಳಿ ಬಂದು ಮೇಜಿನೆದುರು ಕುಳಿತಳು.

"ನನ್ನ ಅಷ್ಟೂ ಚಕ್ರಕ್ಕೆ ರಿವೆಟ್ ಹಾಕಿ. ನಾಳೆನೇ."

ಅವನ ಮುಖ ಸಪ್ಪಗಾಯಿತು. "ಹಾಕ್ತೀನಿ... ಆಮೇಲೆ?"

"ಆಮೇಲೂ ಬರ್ತೀನಿ. ಬರಿಗೈಲಿ."

"ಏನು ಕೆಲಸ ಅಂತ ಅಕ್ಕ ಕೇಳಿದ್ರೆ?"

"ನಿಮ್ಮ ತಮ್ಮನ್ನ ನೋಡೋಕೆ ಅಂತೀನಿ."

"ನನ್ನೆದುರಿಗೇ ಹೇಳ್ತೀರಾ?"

"ಈಗ ಹೇಳಿದ್ನಲ್ಲ!"