ಕರಟದೊಳಗಿನ ಹೆಜ್ಜೆ

"ಆ ಮರಳಿಗೆ ಗೂಟ ಹೊಡೀಬೇಡ ಕಣಪ್ಪಾ. ಅದು ಸಾವೊದಾ ಅಜ್ಜೀದು" ಎಂದ ಊರಿನ ಹಿರಿಯ ದಾತುಕ್ ಸರ್ಗಾವಿ.

ಯುಸ್ಪಾನ್ ಗೂಟದ ತಲೆಗೆ ಇನ್ನೊಂದು ಪೆಟ್ಟು ಹಾಕಿದ. "ಅಜ್ಜಿ ಇರೋದು ಆಚೆ ದಡದಲ್ಲಿ. ಮರಳು ಎದ್ದಿರೋದು ಈಚೆ. ಅವಳದು ಹೆಂಗಾಯ್ತು ದಾತುಕ್? ಈಜ್ಕೊಂಡು ಬಂತಾ?"

"ಈಜ್ಕೊಂಡೇ ಬಂದಿದ್ದು. ಅವಳ ದಂಡೆ ಕುಸಿದು ಕುಸಿದು ಇಲ್ಲಿ ಬಂದು ಕೂತಿದೆ. ಹೊಳೆ ಯಾರ ನೆಲ ತಿಂತೋ, ಎದುರಿಗೆ ಎದ್ದ ಮರಳು ಅವರಿಗೆ. ನಮ್ಮ ತಾತನ ಕಾಲದಿಂದ ಹಂಗೇ."

"ನನ್ನ ಹತ್ರ ಕಚೇರಿ ಕಾಗದ ಇದೆ."

"ಹೊಳೆಗೆ ಓದೋಕೆ ಬರಲ್ಲ" ಎಂದು ಮುದುಕ ದೋಣಿ ಹತ್ತಿದ.

ಗಂಜಿಯ ಪಾತ್ರೆ ಹಿಡಿದು ನಿಂತಿದ್ದ ಸಲ್ಬಿಯಾ ಈ ಹೊಳೆಯ ದಡದಲ್ಲೇ ಹುಟ್ಟಿದವಳು. ಅವಳ ಗಂಡ ಯುಸ್ಪಾನ್ ಜಾಂಬಿ ಪಟ್ಟಣದವನು, ದೋಣಿಯ ಇಂಜಿನ್ ರಿಪೇರಿಗೆಂದು ಬಂದು ಇಲ್ಲೇ ನಿಂತವನು. ಮದುವೆಯಾಗಿ ಮೂರು ವರ್ಷವಾದರೂ ಇಬ್ಬರೂ ಅವಳ ಸೋದರಮಾವನ ಮನೆಯ ಅಡುಗೆಕೋಣೆಯ ಹಿಂದೆ ಚಾಪೆ ಹಾಸಿ ಮಲಗುತ್ತಿದ್ದರು. ಈಗ ಅವಳು ನಾಲ್ಕು ತಿಂಗಳ ಬಸುರಿ.

"ಬಾಂಗ್, ಬಿಟ್ಟುಬಿಡು" ಎಂದಳು. ಅಲ್ಲಿ ಹೆಂಡತಿ ಗಂಡನನ್ನು ಕರೆಯುವುದು ಹಾಗೆ.

"ನಮ್ಮ ಮಗು ಕಾಲಿಡೋ ನೆಲ ಬೇರೆಯವರದಾಗಬಾರದು. ಅಷ್ಟೇ ನನಗೆ ಬೇಕಾಗಿರೋದು" ಎಂದ ಅವನು.

ಅವರು ಕಲ್ಲಂಗಡಿ ಬೀಜ ಊರಿದರು. ಅವಳೇ ದಿನವೂ ಕೊಡ ಹೊತ್ತು ನೀರು ಹಾಕಿದಳು. ಕಾಯಿ ಮುಷ್ಟಿ ಗಾತ್ರವಾದಾಗ ಸಾವೊದಾ ಅಜ್ಜಿ ತನ್ನ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬಂದಳು. ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದ ಸೂಲಗಿತ್ತಿ. ಸಲ್ಬಿಯಾಳನ್ನು ಈ ಲೋಕಕ್ಕೆ ಎಳೆದುಕೊಂಡಿದ್ದೂ ಅದೇ ಕೈ.

"ಅರ್ಧ ಬಿಟ್ಕೊಡ್ತೀಯಾ ಮಗಾ? ಹಿತ್ತಲು ಹೋಯ್ತು, ರಬ್ಬರ್ ಮರ ಹೋಯ್ತು. ಉಳಿದಿರೋದು ಮನೆ ಒಂದೇ."

"ಹೊಳೆ ತಿಂದಿದ್ದು ಹೊಳೆ ಹತ್ರ ಕೇಳಿ ಅಜ್ಜಿ."

ಅಜ್ಜಿ ಕುಕ್ಕುರುಗಾಲಲ್ಲಿ ಕೂತಳು. ಮಡಿಲಿನಿಂದ ತೆಂಗಿನ ಕರಟ ತೆಗೆದು, ಅವನ ಬಲಗಾಲು ಮೂಡಿದ್ದ ಜಾಗದ ಹಸಿ ಮರಳನ್ನು ಬೆರಳಲ್ಲಿ ಕೆರೆದು ತುಂಬಿಕೊಂಡಳು.

ಸಲ್ಬಿಯಾಳ ಕೊಡ ಜಾರಿತು. ಹೆಜ್ಜೆ ಹಿಡಿದರೆ ಆಳನ್ನೇ ಹಿಡಿದಂತೆ ಎಂದು ಆ ದಡದವರಿಗೆಲ್ಲ ಗೊತ್ತು. "ಬಾಂಗ್, ಕಾಲಿಗೆ ಬೀಳು! ಈಗಲೇ ಬೀಳು!"

ಯುಸ್ಪಾನ್ ಗಹಗಹಿಸಿ ನಕ್ಕ. ಎಡಗಾಲೆತ್ತಿ ಅಜ್ಜಿಯ ಮುಂದೆ ಮರಳಿನಲ್ಲಿ ಒತ್ತಿ ತುಳಿದ. "ತಗೊಳ್ಳಿ, ಜೋಡಿ ಆಗಲಿ. ಒಂಟಿ ಚಪ್ಪಲಿ ಯಾರಿಗೆ ಬೇಕು?"

ಅಜ್ಜಿ ಅದನ್ನೂ ಕೆರೆದುಕೊಂಡಳು. ಬಾಳೆಲೆ ಮುಚ್ಚಿ ಕಪ್ಪು ದಾರ ಸುತ್ತಿದಳು. "ನನ್ನ ದಂಡೇಲಿ ಹೂತಿಡ್ತೀನಿ. ಮನಸ್ಸು ಬದಲಾದ್ರೆ ಹುಣ್ಣಿಮೆ ಒಳಗೆ ಬಾ."

ಆ ವಾರವೇ ಮೇಲಿನ ಕಾಡಿಗೆ ಬೆಂಕಿ ಬಿತ್ತು. ಹೊಗೆ ಇಳಿದು ಊರನ್ನು ಕವುಚಿಕೊಂಡಿತು. ಸೂರ್ಯ ತುಕ್ಕು ಹಿಡಿದ ತಗಡಿನಂತಾದ. ನಡುಹಗಲಲ್ಲಿ ದೀಪ ಹಚ್ಚಬೇಕಾಯಿತು. ಅನ್ನದಲ್ಲಿ, ತಲೆಗೂದಲಲ್ಲಿ, ಕುಡಿಯುವ ನೀರಿನಲ್ಲಿ ಸುಟ್ಟ ಬೇರಿನ ವಾಸನೆ. ಎದುರು ದಡ ಕಾಣುತ್ತಿರಲಿಲ್ಲ. ಕೇಳುತ್ತಿತ್ತು ಮಾತ್ರ.

ಧೊಪ್.

ದಂಡೆಯ ಒಂದು ಹೆಂಟೆ ನೀರಿಗೆ ಬಿದ್ದ ಸದ್ದು. ಅದೇ ಗಳಿಗೆ ಇಂಜಿನ್ ಬಿಚ್ಚುತ್ತಿದ್ದ ಯುಸ್ಪಾನ್ ಚೀರಿದ. ಅವನ ಹಿಮ್ಮಡಿಯ ಒಂದು ಭಾಗ ಹೆಂಟೆಯಾಗಿ ಕಳಚಿ ಹಲಗೆಯ ಮೇಲೆ ಬಿದ್ದಿತ್ತು. ರಕ್ತವಿರಲಿಲ್ಲ. ಗಾಯದಿಂದ ಕಂದು ನೀರು ಜಿನುಗುತ್ತಿತ್ತು. ಹೊಳೆಯ ತಳದ ಕೆಸರಿನ ವಾಸನೆ.

ಆಸ್ಪತ್ರೆಯ ನರ್ಸ್ ಮುಲಾಮು ಕೊಟ್ಟು, ಕೆಸರು ಹುಣ್ಣು ಎಂದಳು. ಸಲ್ಬಿಯಾ ಅರಿಸಿನ ಅರೆದು ಕಟ್ಟಿದಳು. ಮೂರನೆಯ ದಿನ ಮತ್ತೆ ಧೊಪ್. ಕಾಲ ಹರಡು ಹೋಯಿತು. ಆಮೇಲೆ ಮೀನಖಂಡ. ಬೆಳಗಾದರೆ ಚಾಪೆಯ ಮೇಲೆ ಒದ್ದೆ ಮರಳು. ಅವಳು ಗುಡಿಸುತ್ತಿದ್ದಳು. ಅವನು ಕಿವಿಗೆ ಹತ್ತಿ ತುರುಕಿಕೊಂಡು ಗೋಡೆಗೆ ಒರಗಿರುತ್ತಿದ್ದ.

"ಅಜ್ಜಿ ಹತ್ರ ಹೋಗೋಣ ನಡಿ" ಎಂದು ಅವಳು ದಿನವೂ ಅಂಗಲಾಚಿದಳು.

"ಆ ಮುದುಕಿಗೆ ಹೆದರಬೇಕಾ ನಾನು? ಸಕ್ಕರೆ ಕಾಯಿಲೆ ಇದು. ನಮ್ಮಪ್ಪನಿಗೂ ಇತ್ತು."

ಹುಣ್ಣಿಮೆ ಹೊಗೆಯೊಳಗೇ ಕಳೆದುಹೋಯಿತು. ಅದರ ನಾಲ್ಕನೆಯ ದಿನ ಅವಳು ಪಟ್ಟಿ ಬಿಚ್ಚುತ್ತಿದ್ದಾಗ ಗಾಯದೊಳಗೆ ಏನೋ ಮಿಸುಕಿತು. ಅವಳ ಅಂಗೈಗೆ ಒಂದು ಮೀನುಮರಿ ಬಿತ್ತು. ಜೀವಂತ. ಬಾಲ ಬಡಿಯುತ್ತಿತ್ತು.

"ಸಕ್ಕರೆ ಕಾಯಿಲೇಲಿ ಇದು ಬರುತ್ತಾ ಬಾಂಗ್?"

ಯುಸ್ಪಾನ್ ಅದನ್ನು ನೋಡಿ ಮಗುವಿನಂತೆ ಅಳತೊಡಗಿದ.

ಮಧ್ಯಾಹ್ನವೇ ಅವಳು ಅವನನ್ನು ದೋಣಿಗೆ ಹೊತ್ತುಕೊಂಡು ಹೋದಳು. ಬಸುರಿ ಹೆಂಗಸು ಹೊರುವಷ್ಟು ಹಗುರವಾಗಿದ್ದ. ಕಾಗದ ಅವನ ಅಂಗಿಯ ಜೇಬಿನಲ್ಲಿತ್ತು. ಆಚೆ ದಡದಲ್ಲಿ ಅಜ್ಜಿಯ ಮನೆ ಗಾಳಿಗೆ ತೂಗುವ ಗೂಡಿನಂತೆ ದಂಡೆಯ ತುದಿಗೆ ಜೋತುಬಿದ್ದಿತ್ತು. ಮೆಟ್ಟಿಲುಗಳೇ ಇರಲಿಲ್ಲ. ಅಜ್ಜಿ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

ಯುಸ್ಪಾನ್ ಕಾಗದ ಹರಿದು ನೀರಿಗೆಸೆದ. "ಮರಳು ನಿಮ್ಮದೇ. ಪೂರ್ತಿ ನಿಮ್ಮದೇ. ಬಿಚ್ಚಿಬಿಡಿ ಅಜ್ಜಿ."

ಅಜ್ಜಿ ಅವನ ಕಾಲಿರಬೇಕಾದ ಜಾಗ ನೋಡಿದಳು. ಅವಳ ಮುಖ ಕಿವುಚಿಕೊಂಡಿತು. "ಮೆಟ್ಟಿಲ ಬುಡದಲ್ಲಿ ಇಟ್ಟಿದ್ದೆ ಕಣೋ. ಅಲ್ಲಿ ಗಟ್ಟಿ ಮಣ್ಣು. ಹುಣ್ಣಿಮೆ ದಾಟಿದ್ರೂ ಮಳೆಗಾಲದವರೆಗೆ ನಿಲ್ಲುತ್ತೆ, ಅಷ್ಟರಲ್ಲಿ ನಿನಗೆ ಬುದ್ಧಿ ಬರುತ್ತೆ ಅಂದ್ಕೊಂಡಿದ್ದೆ. ದಿನಾ ಇಲ್ಲೇ ಕೂತು ನಿನ್ನ ದಾರಿ ಕಾಯ್ತಿದ್ದೆ."

"ಈಗ ಕರಟ ಎಲ್ಲಿ?"

ಅಜ್ಜಿ ಹೊಳೆಯ ಕಡೆ ಗದ್ದ ಎತ್ತಿದಳು. "ಈಗಷ್ಟೇ ಮೆಟ್ಟಿಲ ಜೊತೆ ಹೋಯ್ತು. ನಿಮ್ಮ ದೋಣಿ ಸದ್ದು ಕೇಳೋಕೆ ಸ್ವಲ್ಪ ಮುಂಚೆ."

"ಬೇರೆ ದಾರಿ ಇಲ್ವಾ?" ಎಂದು ಸಲ್ಬಿಯಾ ಕೂಗಿದಳು.

"ಕಟ್ಟಿದ್ದು ಕೈಗೆ ಸಿಗದೆ ಏನು ಬಿಚ್ಚಲಿ ಮಗಳೇ? ದಂಡೇಲಿದ್ದಾಗ ಕುಸಿದಾಗಷ್ಟೇ ನೋವು. ಈಗ ನೀರಿಗೆ ಸೇರಿದೆ. ನೀರು ನಿಲ್ಲಲ್ಲ. ಮನೆಗೆ ಕರ್ಕೊಂಡು ಹೋಗು. ಬೇಗ."

ಸಲ್ಬಿಯಾ ಹುಟ್ಟು ಹಾಕಿದಳು. ಅವಳು ಹಿಂದೆ, ಅವನು ಮುಂದೆ. ನಡುವೆ ಹೊಗೆ. ಅವನ ಬೆನ್ನು ಕಾಣುತ್ತಿರಲಿಲ್ಲ.

"ಬಾಂಗ್?"

"ಹೂಂ."

ಹುಟ್ಟು ಬಿತ್ತು, ಎದ್ದಿತು. ಮುಂದೆ ಮರಳು ಸುರಿಯುವ ಸದ್ದು. ಸಣ್ಣಗೆ. ಬಿಡದೆ.

"ಬಾಂಗ್?"

"ಹೂಂ."

ದೋಣಿಯ ಮೂತಿ ಕೊಂಚ ಮೇಲೆದ್ದಿತು. ಅವಳು ಜೋರಾಗಿ ಹಾಕಿದಳು. ತೋಳು ಸೋತವು. ಹೊಟ್ಟೆಯೊಳಗೆ ಮಗು ಒದೆಯಿತು. ದಡ ಎಲ್ಲಿ? ಕಾಣದು. ಮೂತಿ ಮತ್ತೂ ಎದ್ದಿತು.

"ಬಾಂಗ್, ಮಾತಾಡು!"

"ಹೂ..."

ಅದು ಉಸಿರೂ ಆಗಿರಬಹುದು. ನೀರೂ ಆಗಿರಬಹುದು. ಅವಳು ಕೂಗಿದಳು. ಉತ್ತರವಿಲ್ಲ. ಹಾಕಿದಳು. ಕೂಗಿದಳು. ಹಾಕಿದಳು. ದೋಣಿ ದಡಕ್ಕೆ ಬಡಿಯಿತು.

ಮುಂದಿನ ಹಲಗೆಯ ಮೇಲೆ ಗುಂಡಿ ಹಾಕಿದ ಅಂಗಿ ಇತ್ತು. ಅದರ ತುಂಬ ಒದ್ದೆ ಮರಳು.

ದಾತುಕ್ ಸರ್ಗಾವಿ ಬಂದು ಮರಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಸಿ, ನಮಾಜು ಮಾಡಿಸಿ, ಎತ್ತರದ ದಿಣ್ಣೆಯಲ್ಲಿ ಹೂಳಿಸಿದ. ಮೂರನೆಯ ದಿನ ಮಳೆ ಸುರಿಯಿತು. ಹೊಗೆ ತೊಳೆದುಹೋಯಿತು. ಹೊಳೆ ಏರಿ ಗೂಟ ಹೊಡೆದಿದ್ದ ಮರಳು ಮುಳುಗಿತು. ಹಸಿರು ಕಾಯಿಗಳು ಬಳ್ಳಿ ಸಮೇತ ತೇಲಿಹೋದವು. ಅದೇ ನೆರೆಯಲ್ಲಿ ಅಜ್ಜಿಯ ಮನೆಯೂ ಹೋಯಿತು, ಅಜ್ಜಿ ಉಳಿದಳು.

ಎರಡೂವರೆ ತಿಂಗಳಿಗೆ ಸಲ್ಬಿಯಾಳಿಗೆ ನೋವು ಶುರುವಾಯಿತು. ಊರಿಗಿದ್ದವಳು ಒಬ್ಬಳೇ ಸೂಲಗಿತ್ತಿ. ಆ ಕೈ ಮೈಮೇಲೆ ಬಿದ್ದಾಗ ಸಲ್ಬಿಯಾ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಅಜ್ಜಿ ಮಗುವನ್ನು ಒರೆಸಿ ಅವಳ ಎದೆಯ ಮೇಲಿಟ್ಟಳು.

"ಗಂಡು. ಹೆದರಬೇಡ, ಇವನನ್ನೇನೂ ಹಿಡಿಯಲ್ಲ. ಇವನಿನ್ನೂ ನೆಲ ತುಳಿದಿಲ್ಲವಲ್ಲ."

ಅಜ್ಜಿ ಸಮಾಧಾನಕ್ಕೆಂದೇ ಹೇಳಿದ್ದಳು. ಸಲ್ಬಿಯಾ ಅದನ್ನು ಬೇರೆಯೇ ಆಗಿ ಹಿಡಿದುಕೊಂಡಳು.

ಸೋದರಮಾವನ ಹಳೆಯ ತೆಪ್ಪದ ಮನೆಯನ್ನು ಕೇಳಿ ಪಡೆದು, ದಡಕ್ಕೆ ಹಗ್ಗ ಕಟ್ಟಿ, ಅವಳು ನೀರಿನ ಮೇಲೆಯೇ ಉಳಿದಳು. ಮಗನಿಗೆ ಈಗ ಮೂರು ವರ್ಷ. ಹಲಗೆಯ ಮೇಲೆ ಚೆನ್ನಾಗಿ ಓಡುತ್ತಾನೆ. ದಡಕ್ಕೆ ಹೋಗಬೇಕಾದರೆ ಸೊಂಟದ ಮೇಲೆ.

"ಎಷ್ಟು ದಿನ ಹೊತ್ಕೊಂಡು ತಿರುಗ್ತೀಯೇ? ಮೀಸೆ ಬರೋತನಕಾನಾ?" ಎಂದು ಹೆಂಗಸರು ನಗುತ್ತಾರೆ. ಅವಳೂ ನಗುತ್ತಾಳೆ. ಇಳಿಸುವುದಿಲ್ಲ.

ಎಲ್ಲೋ ದಂಡೆ ಕುಸಿದ ಸದ್ದು ಕೇಳಿದರೆ ಮಾತ್ರ, ಕೈಯಲ್ಲಿದ್ದ ಕೆಲಸ ಬಿಟ್ಟು, ಮಗನನ್ನು ಹಿಡಿದು, ಅವನ ಎರಡೂ ಅಂಗಾಲನ್ನು ಮುಟ್ಟಿ ನೋಡುತ್ತಾಳೆ.

ಇದುವರೆಗೆ ಒಣಗಿಯೇ ಇವೆ.