ಪಾತಿಯಲ್ಲಿ ಮೂರು ತೂತು

"ನನ್ನ ಅಣ್ಣ ಹೂವು ಮುರಿಯೋನಲ್ಲಮ್ಮ. ಗುರುವಾರದೊಳಗೆ ಅದನ್ನ ತೋರಿಸಿಕೊಡದಿದ್ರೆ ನನ್ನ ಕೆಲಸಾನೂ ಹೋಯ್ತು, ಉದ್ಯಾನದವರು ಕೊಟ್ಟಿರೋ ಮನೇನೂ ಹೋಯ್ತು."

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಪೂರ್ತಿ ತೆರೆಯುವ ಮೊದಲೇ ಒಳಗೆ ನುಗ್ಗಿದ ಹೆಂಗಸು ಇಷ್ಟು ಹೇಳಿ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಸಸ್ಯೋದ್ಯಾನದ ಗಾಜಿನ ಮನೆಯನ್ನು ನೋಡಿಕೊಳ್ಳುವವಳು ಅವಳು. ಅಂಗಡಿಯವಳ ಸೊಸೆ ನೀರು ತಂದುಕೊಟ್ಟಳು. ಅತ್ತೆ ಮಾತ್ರ ಕೈಯಲ್ಲಿದ್ದ ಸೂಜಿಯನ್ನು ಕೆಳಗಿಡಲಿಲ್ಲ.

ಅತ್ತೆಯನ್ನು ಊರೆಲ್ಲ ಸ್ಟ್ಯಾಂಡಮ್ಮ ಎಂದೇ ಕರೆಯುತ್ತಿತ್ತು. ಆಕೆಯ ಅಂಗಡಿಯಲ್ಲಿ ಕ್ಯಾಮೆರಾ ಸಿಗುತ್ತಿರಲಿಲ್ಲ, ಕ್ಯಾಮೆರಾ ನಿಲ್ಲಿಸುವ ಸಾಮಾನು ಮಾತ್ರ ಸಿಗುತ್ತಿತ್ತು. ಮೂರು ಕಾಲಿನ ಟ್ರೈಪಾಡು, ಒಂಟಿ ಕಾಲಿನ ಕೋಲು, ಕ್ಯಾಮೆರಾದ ಅಡಿಗೆ ದಿಂಬಿನ ಹಾಗೆ ಇಡಲು ಆಕೆಯೇ ಹೊಲಿದು ಕಾಳು ತುಂಬಿದ ಪುಟ್ಟ ಚೀಲಗಳು. ಇರುವೆ, ಮೊಗ್ಗು, ಜೇಡದ ಕಣ್ಣು ಇವುಗಳ ಫೋಟೋ ತೆಗೆಯುವವರು ಬಂದರೆ ಮೊದಲು ಅವರ ಕೈ ನೋಡುವಳು, ಆಮೇಲೆ ಮೊಣಕಾಲು. "ಇರುವೆ ನಿಮಗೋಸ್ಕರ ಕಾಯಲ್ಲ. ಟ್ರೈಪಾಡು ಬಿಚ್ಚೋ ಹೊತ್ತಿಗೆ ಅದು ಮನೆ ಸೇರಿರುತ್ತೆ. ಕೈಯಲ್ಲೇ ಹಿಡಿದು ತೆಗೀಬೇಕು, ಕೈಗೆ ಒಂದು ಆಸರೆ ಇರಬೇಕು ಅಷ್ಟೆ" ಎನ್ನುವಳು. ಊರಿನ ಬ್ಯಾಂಡಿನವರ ತುತ್ತೂರಿ ಕದ್ದವನನ್ನು ಹಿಡಿದುಕೊಟ್ಟ ಮೇಲೆ ಇನ್ನೊಂದು ಬಗೆಯ ಗಿರಾಕಿಗಳೂ ಬರತೊಡಗಿದ್ದರು. ಸೊಸೆ ಹೊಸದರಲ್ಲಿ ಅದನ್ನು ವಯಸ್ಸಾದವರ ಚಪಲ ಎಂದುಕೊಂಡಿದ್ದಳು. ಈಗ ನೋಟ್‌ಬುಕ್ ಹಿಡಿದು ಅತ್ತೆಯ ಬೆನ್ನಿಗೆ ಬೀಳುವವಳು ಅವಳೇ.

ಹೆಂಗಸು ವಿಷಯ ಬಿಡಿಸಿ ಹೇಳಿದಳು. ಗಾಜಿನ ಮನೆಯ ಪಾತಿಯಲ್ಲಿ ಗೇಣುದ್ದದ ಒಂದು ಗಿಡ. ಹನ್ನೊಂದು ವರ್ಷಕ್ಕೆ ಮೊದಲ ಬಾರಿ ಮೊಗ್ಗು ಬಿಟ್ಟಿತ್ತು, ಅದೂ ಕಡಲೆಕಾಳಿನಷ್ಟು. ಅದರ ಫೋಟೋ ಉದ್ಯಾನದ ಕ್ಯಾಲೆಂಡರಿನ ಮೊದಲ ಪುಟಕ್ಕೆ ಬರಬೇಕಿತ್ತು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಫೋಟೋ ತೆಗೆಯಲು ಮೂವರನ್ನು ಮಾತ್ರ ಒಳಗೆ ಬಿಟ್ಟಿದ್ದರು: ಹಲ್ಲಿನ ಡಾಕ್ಟರು, ಡ್ರಾಯಿಂಗ್ ಮೇಷ್ಟ್ರು, ಮತ್ತು ಇವಳ ಅಣ್ಣ. ಹೂವು ಎಂಟೂವರೆಗೆ ಅರಳಬಹುದೆಂಬ ಲೆಕ್ಕ. ಇವಳು ಹೊರಗೆ ತೊಟ್ಟಿ ತುಂಬಿಸಿ ಎಂಟಕ್ಕೆ ಒಳಗೆ ಬಂದರೆ ಆಗಲೇ ಅರಳಿದ್ದ ಹೂವಿನ ದಂಟು ಮುರಿದು ಬಿದ್ದಿತ್ತು. ಪಕ್ಕದ ಮಣ್ಣಿನಲ್ಲಿ ಮೂರು ತೂತು.

"ಟ್ರೈಪಾಡು ಇದ್ದದ್ದು ಅಣ್ಣನ ಹತ್ರ ಮಾತ್ರ. ಒಳಗೆ ಅದನ್ನ ತರಬಾರದು ಅಂತ ರೂಲ್ಸಿದೆ. ಆದ್ರೆ ಅವನ ಕೈ ನಡುಗುತ್ತಮ್ಮ. ಇಪ್ಪತ್ತು ವರ್ಷ ವಾಚ್ ರಿಪೇರಿ ಮಾಡಿದ ಕೈ ಅದು. ವಾಚು ಬಿಟ್ಟ ಮೇಲೆ ಅವನು ನಕ್ಕಿದ್ದೇ ಈ ಫೋಟೋ ಹುಚ್ಚು ಹತ್ತಿದ ಮೇಲೆ. ನಾನೇ ಕಣ್ಣು ಮುಚ್ಚಿಕೊಂಡು ಬಿಟ್ಟೆ."

ಸ್ಟ್ಯಾಂಡಮ್ಮ ದಾರ ಕಡಿದಳು. "ಪಾತಿ ಯಾರೂ ಕೆದಕಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಅಳೋದು ಬಿಡು. ನಡಿ."

ಮಧ್ಯಾಹ್ನ ಗಾಜಿನ ಮನೆಯಲ್ಲಿ ಎಲ್ಲರೂ ಇದ್ದರು. ಉದ್ಯಾನದ ಸಾಹೇಬರು ಮೂವರನ್ನೂ ಕರೆಸಿದ್ದರು. ಒಳಗೆ ಬೆಚ್ಚಗಿನ ಒದ್ದೆ ಗಾಳಿ. ಕಾಲುದಾರಿ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದು. ವಾಚ್ ರಿಪೇರಿಯವನು ಎರಡೂ ಕೈಯನ್ನು ಜೇಬಿನಲ್ಲಿ ಹುದುಗಿಸಿಕೊಂಡು ನಿಂತಿದ್ದ.

ಸ್ಟ್ಯಾಂಡಮ್ಮ ಪಾತಿಯ ಪಕ್ಕ ಮಂಡಿಯೂರಿದಳು. ಪೊರಕೆಯಿಂದ ಮೂರು ಕಡ್ಡಿ ಕಿತ್ತು ಒಂದೊಂದು ತೂತಿಗೆ ಒಂದೊಂದು ಇಳಿಸಿದಳು. ಮೂರೂ ನೆಟ್ಟಗೆ ನಿಂತವು. ತೂತುಗಳ ನಡುವೆ ಒಂದೊಂದು ಗೇಣು ಅಂತರ, ಅಗಲ ಪೆನ್ಸಿಲಿನಷ್ಟು. ಸೊಸೆ ಅದನ್ನೆಲ್ಲ ಬರೆದುಕೊಂಡಳು. ಗಿಡಗಳ ಹೆಸರಿನ ತಗಡು ಹೊತ್ತ ಕಡ್ಡಿಗಳೆಲ್ಲ ದಾರಿಗೆ ಮುಖ ಮಾಡಿದ್ದವು. ಈ ಗಿಡದ್ದು ಮಾತ್ರ ಗಾಜಿನ ಕಡೆ ತಿರುಗಿತ್ತು.

"ಈ ಮಣ್ಣಲ್ಲಿ ಕಳೆ ಬರುತ್ತಾ?" ಎಂದು ಸ್ಟ್ಯಾಂಡಮ್ಮ ಕೇಳಿದಳು.

"ಒಂದೂ ಬರಲ್ಲ. ಹಬೆಯಲ್ಲಿ ಬೇಯಿಸಿ, ಜರಡಿ ಹಿಡಿದು ಹಾಕಿರೋ ಮಣ್ಣು" ಎಂದಳು ವಾಚ್ ರಿಪೇರಿಯವನ ತಂಗಿ.

"ನಿನ್ನೆ ಯಾರ್ಯಾರು ಎಲ್ಲೆಲ್ಲಿದ್ರಿ?"

"ಜರೀಗಿಡದ ಹತ್ರ. ಟ್ರೈಪಾಡು ಕಾಲುದಾರಿಯ ಕಲ್ಲಿನ ಮೇಲೇ ಇತ್ತಮ್ಮ" ಎಂದ ವಾಚ್ ರಿಪೇರಿಯವನು.

"ನನ್ನನ್ನ ಯಾಕೆ ನೋಡ್ತೀರಿ?" ಎಂದು ಡ್ರಾಯಿಂಗ್ ಮೇಷ್ಟ್ರು ಸಿಡುಕಿ ಒಂಟಿ ಕಾಲಿನ ಕೋಲನ್ನು ಬೆನ್ನ ಹಿಂದೆ ಸರಿಸಿದರು. "ನಾನು ಕೊಳದ ಹತ್ರ ಇದ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು ಸೊಸೆ ಮೇಷ್ಟ್ರ ಹೆಸರಿನ ಕೆಳಗೆ ಎರಡು ಗೆರೆ ಎಳೆದಳು.

ಡಾಕ್ಟರು ನಕ್ಕರು. "ನಾನಂತೂ ಈ ಮೂಲೆಗೇ ಕಾಲಿಟ್ಟಿಲ್ಲ. ಪಾಪ, ಕೈ ನಡುಗೋರು ಬೇಕೂಂತ ಮಾಡಿರಲಾರರು. ಕ್ಷಮಿಸಿಬಿಡಿ ಸಾರ್." ಅವರ ಕಂಕುಳಲ್ಲಿ ಸ್ಟ್ಯಾಂಡಮ್ಮನೇ ಹೊಲಿದುಕೊಟ್ಟ ಕಾಳಿನ ಚೀಲವಿತ್ತು. ಅದಕ್ಕೆ ಬಿಳಿ ಕರವಸ್ತ್ರ ಸುತ್ತಿ ಗಂಟು ಹಾಕಿದ್ದರು. ಹಲ್ಲಿನ ಡಾಕ್ಟರಲ್ಲವೇ, ಶುಚಿ ಜಾಸ್ತಿ ಎಂದುಕೊಂಡಳು ಸೊಸೆ.

ಸ್ಟ್ಯಾಂಡಮ್ಮ ಎದ್ದು ಸೀರೆ ಕೊಡವಿಕೊಂಡಳು. "ಸಾಹೇಬ್ರೇ, ಈ ಪಾತಿಗೆ ದಿನಾ ನೀರು ಹಾಕಿಸಿ. ಬಾಗಿಲಿಗೆ ಬೀಗ ಹಾಕಿ ಕೀಲಿ ನೀವೇ ಇಟ್ಕೊಳ್ಳಿ. ಗುರುವಾರ ಇದೇ ಜನ, ಇದೇ ಜಾಗ. ಅವರವರ ಸಾಮಾನು, ಕ್ಯಾಮೆರಾ ಎಲ್ಲ ತರಲಿ."

"ಮುರಿದ ಹೂವಿಗೆ ನೀರು ಹಾಕಿ ಏನು ಪ್ರಯೋಜನ?" ಎಂದರು ಸಾಹೇಬರು.

"ಹೂವಿಗಲ್ಲ."

ಮೂರು ದಿನ ಸೊಸೆ ತಲೆ ಕೆಡಿಸಿಕೊಂಡಳು. "ಮೇಷ್ಟ್ರೇ ಅಲ್ವಾ ಅತ್ತೆ? ಒಂಟಿ ಕೋಲನ್ನ ಮೂರು ಸಲ ಚುಚ್ಚಿದ್ರೆ ಮೂರು ತೂತು ಆಗುತ್ತೆ."

"ಅರ್ಧ ಸರಿ" ಎಂದು ಅತ್ತೆ ಮತ್ತೆ ಸೂಜಿಗೆ ದಾರ ಪೋಣಿಸಿದಳು. "ಉಳಿದರ್ಧ ಬೆಳೀತಾ ಇದೆ."

ಗುರುವಾರ ಬೀಗ ತೆಗೆದಾಗ ಪಾತಿಯ ಮೇಲೆ ಮೊದಲು ಬಗ್ಗಿದವಳು ತಂಗಿ. "ಅಯ್ಯೋ, ಇದೇನಿದು!" ಎಂದಳು.

ಮುರಿದ ದಂಟಿಗೆ ಒಂದು ಮೊಳ ದೂರದಲ್ಲಿ, ಕಪ್ಪು ಮಣ್ಣನ್ನು ಸೀಳಿಕೊಂಡು ಹಸಿರು ಮೊಳಕೆಗಳು ಎದ್ದಿದ್ದವು. ಅಂಗೈ ಅಗಲದ ಒಂದು ಗುಂಪು, ಅಲ್ಲಿಂದ ಕಾಲುದಾರಿಯ ಅಂಚಿನವರೆಗೆ ನಾಲ್ಕೈದು ಬಿಡಿ ಸಸಿ.

"ಎಲ್ಲ ಇಲ್ಲಿ ಕೇಳಿ" ಎಂದಳು ಸ್ಟ್ಯಾಂಡಮ್ಮ. ದನಿಯಲ್ಲಿ ಲವಲೇಶವೂ ಅವಸರವಿರಲಿಲ್ಲ. ವಾಚ್ ರಿಪೇರಿಯವನ ಟ್ರೈಪಾಡನ್ನು ತೆಗೆದುಕೊಂಡು, ಕ್ಯಾಮೆರಾ ಗೇಣೆತ್ತರಕ್ಕೆ ಬರುವ ಹಾಗೆ ಪಕ್ಕದ ಖಾಲಿ ಪಾತಿಯಲ್ಲಿ ಊರಿದಳು. ಕಾಲುಗಳು ಅಗಲವಾಗಿ ಚಾಚಿಕೊಂಡವು. ಎತ್ತಿದಾಗ ಉಳಿದ ತೂತುಗಳಿಗೆ ಕಡ್ಡಿ ಇಳಿಸಿದರೆ ಮೂರೂ ಒಳಕ್ಕೆ ವಾಲಿ ನಿಂತವು. "ಇಷ್ಟು ಕುಳ್ಳು ಹೂವಿಗೆ ಟ್ರೈಪಾಡು ಕಾಲು ಚಾಚಲೇಬೇಕು. ತೂತು ಓರೆಯಾಗುತ್ತೆ, ದೂರದೂರ ಆಗುತ್ತೆ. ಅಲ್ಲಿರೋದು ನೇರ, ಹತ್ತಿರ. ಟ್ರೈಪಾಡು ಬಳಸಿ ಗೊತ್ತಿಲ್ಲದ ಕೈ ಮಾಡಿದ್ದು ಅದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಿ ಸಾಹೇಬ್ರೇ."

ಸಾಹೇಬರ ಮುಖ ಸಣ್ಣದಾಯಿತು. "ಹಾಗಾದ್ರೆ ಮೇಷ್ಟ್ರ ಕೋಲಾ?"

"ಅದರ ತುದಿಗೆ ಬಾಟಲಿ ಮುಚ್ಚಳದಷ್ಟು ಅಗಲದ ರಬ್ಬರು ನಾನೇ ಹಾಕಿಕೊಟ್ಟಿದ್ದು. ಪೆನ್ಸಿಲ್ ತೂತಲ್ಲಿ ಅದು ಇಳಿಯಲ್ಲ." ಮೇಷ್ಟ್ರು ಉಸಿರು ಬಿಟ್ಟರು. ಸ್ಟ್ಯಾಂಡಮ್ಮ ಹೆಸರಿನ ಕಡ್ಡಿಯನ್ನು ಕಿತ್ತು ಒಂದು ತೂತಿಗೆ ಇಳಿಸಿದಳು. ಸರಿಯಾಗಿ ಕೂತಿತು. "ಕೈಗೆ ಸಿಕ್ಕ ಇದರಲ್ಲೇ ಮೂರು ಸಲ ಚುಚ್ಚಿ, ಅವಸರದಲ್ಲಿ ಹಿಂದುಮುಂದಾಗಿ ನೆಟ್ಟಿದ್ದಾನೆ. ಯಾರು ಬೇಕಾದ್ರೂ ಮಾಡಬಹುದಿತ್ತು. ಆದ್ರೆ ಬೇಯಿಸಿದ ಮಣ್ಣಲ್ಲಿ ಸಾಸಿವೆ ತಾನಾಗಿ ಹುಟ್ಟಲ್ಲ. ನನ್ನ ಚೀಲಕ್ಕೆ ನಾನು ತುಂಬೋದು ಸಾಸಿವೆನೇ. ಅಂಗೈ ಅಗಲದ ಗುಂಪು, ಅಂದ್ರೆ ಅಲ್ಲೊಂದು ಚೀಲ ಕೂತಿತ್ತು. ಹೊಲಿಗೆ ಬಿಟ್ಟಿದ್ದು ಆಮೇಲೆ ಕಂಡಿದೆ, ಕರವಸ್ತ್ರ ಸುತ್ತಿದ್ದಾರೆ. ಸೋಮವಾರ ಆ ಗಂಟು ನೋಡಿದಾಗ್ಲೇ ನನಗೆ ಅನುಮಾನ ಬಂತು. ಕಪ್ಪು ಮಣ್ಣಲ್ಲಿ ಕರೀ ಸಾಸಿವೆ ಹುಡುಕಿ ಒಂದು ಕಾಳು ತೋರಿಸಿದ್ರೆ ಯಾರದೋ ಅಂತ ಜಾರಿಕೊಳ್ತಿದ್ರು. ಅದಕ್ಕೇ ಬೆಳೆಯೋಕೆ ಬಿಟ್ಟೆ. ಮೂವರಲ್ಲಿ ಸಾಸಿವೆ ಚೀಲ ಇರೋದು ಒಬ್ಬರ ಹತ್ರ. ಈ ಮೂಲೆಗೇ ಕಾಲಿಟ್ಟಿಲ್ಲ ಅಂದವರ ಹತ್ರ."

ಎಲ್ಲರೂ ಡಾಕ್ಟರ ಕಡೆ ತಿರುಗಿದರು.

"ಗುಂಪಿನ ಜಾಗದಿಂದ ನೋಡಿದ್ರೆ ಹೂವು ನೇರ ಕಣ್ಣೆದುರು" ಎಂದಳು ಸ್ಟ್ಯಾಂಡಮ್ಮ. "ಹೂವು ಬೇಗ ಅರಳಿತ್ತು, ಮೊದಲು ಕಂಡವರು ನೀವು. ಚೀಲ ಇಟ್ಟು ಫೋಟೋ ತೆಗೆದ್ರಿ. ಆಮೇಲೆ ಬೇರೆ ಯಾರಿಗೂ ಸಿಗದ ಹಾಗೆ ಮುರಿದ್ರಿ. ಕ್ಯಾಮೆರಾ ಸಾಹೇಬರ ಕೈಗೆ ಕೊಡಿ ಡಾಕ್ಟ್ರೇ."

ಡಾಕ್ಟರು ಕೊಡಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು, "ಕ್ಯಾಲೆಂಡರಿಗೆ ಒಂದೇ ಒಂದು ಫೋಟೋ ಇರಬೇಕು ಅನ್ನಿಸಿತು" ಎಂದರು. ಸಾಹೇಬರು ಬಾಗಿಲು ತೋರಿಸಿದರು. ಇನ್ನು ಈ ಉದ್ಯಾನದ ಗೇಟು ಅವರಿಗೆ ತೆರೆಯದು ಎಂಬುದು ಅಷ್ಟರಲ್ಲೇ ತಿಳಿಯಿತು.

ಸಾಹೇಬರು ತಂಗಿಯತ್ತ ತಿರುಗಿ, "ಆದ್ರೂ ರೂಲ್ಸು..." ಎಂದು ಶುರುಮಾಡಿದರು.

"ಬೈಯಿರಿ. ಕೆಲಸ ಕಿತ್ಕೋಬೇಡಿ" ಎಂದಳು ಸ್ಟ್ಯಾಂಡಮ್ಮ. "ಟ್ರೈಪಾಡು ಇನ್ನು ಬರಲ್ಲ. ಅದಕ್ಕೆ ನಾನು ಜವಾಬ್ದಾರಿ."

ಸಾಹೇಬರು ಕೀಲಿಗೊಂಚಲನ್ನು ತಂಗಿಯ ಕೈಗಿತ್ತರು.

ಸ್ಟ್ಯಾಂಡಮ್ಮ ಚೀಲದಿಂದ ತೆಗೆದದ್ದು ಒಂದು ನೂಲಿನ ಹಗ್ಗ, ಅದರ ಒಂದು ತುದಿಗೆ ಕಟ್ಟಿದ ಸ್ಕ್ರೂ. ಸ್ಕ್ರೂವನ್ನು ವಾಚ್ ರಿಪೇರಿಯವನ ಕ್ಯಾಮೆರಾದ ಅಡಿಗೆ ತಿರುಗಿಸಿದಳು. "ಮಂಡಿಯೂರು. ಇನ್ನೊಂದು ತುದಿ ಮೊಣಕಾಲಿನ ಕೆಳಗೆ ಒತ್ತಿಕೋ. ಈಗ ಕ್ಯಾಮೆರಾ ಮೇಲಕ್ಕೆ ಎಳೆದು ಹಿಡಿ. ಬಿಗಿಯಾದ ಹಗ್ಗದಲ್ಲಿ ಕೈಗೆ ನಡುಗೋಕೆ ಜಾಗ ಇರಲ್ಲ."

"ಹೂವೇ ಇಲ್ವಲ್ಲಮ್ಮ. ಇನ್ನು ಹನ್ನೊಂದು ವರ್ಷ ನನ್ನ ಕೈ ಕಾಯುತ್ತಾ?"

"ನಿನ್ನ ಮಾನ ಉಳಿಸಿದ್ದು ಹೂವಲ್ಲ, ಈ ಮೊಳಕೆ. ಅದನ್ನ ತೆಗಿ."

ಅವನು ಜೇಬಿನಿಂದ ಕೈ ತೆಗೆದ. ಸಾಸಿವೆ ಮೊಳಕೆಯ ಮುಂದೆ ಮಂಡಿಯೂರಿ ಹಗ್ಗ ಬಿಗಿದ. ಸೊಸೆ ಬರೆಯುವುದನ್ನೇ ಮರೆತಳು. ಕ್ಲಿಕ್ಕೆಂದಿತು. ಪರದೆಯ ಮೇಲೆ ಎರಡು ಪುಟ್ಟ ಎಲೆ, ಒಂದರ ಅಂಚಿಗೆ ಇನ್ನೂ ಅಂಟಿಕೊಂಡಿದ್ದ ಸಾಸಿವೆಯ ಸಿಪ್ಪೆ. ಸಿಪ್ಪೆಯ ಮೇಲಿನ ಸುಕ್ಕು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು.

ಅವನು ತುಂಬ ಹೊತ್ತು ಅದನ್ನು ನೋಡಿದ. ಆಮೇಲೆ ತಂಗಿಯ ಕಡೆ ಕ್ಯಾಮೆರಾ ಚಾಚಿ, "ನಡುಗ್ಲಿಲ್ಲ ಕಣೇ" ಎಂದ.

ಅವಳು ಅದನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಕೈಯಲ್ಲಿದ್ದ ಕೀಲಿಗೊಂಚಲು ಗಲಗಲ ಅಲುಗಿತು.